ಎರಕದ ಓಬಯ್ಯನ ಹೆದರಿಕೆ

ಓಬಯ್ಯನ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಕೆಲಸ ಶಿವಮೊಗ್ಗದ ರಸ್ತೆಯಲ್ಲಿ, ಮಾಚೇನಹಳ್ಳಿಯ ಹತ್ತಿರವಿದ್ದ ಒಂದು ಸಣ್ಣ ಫೌಂಡ್ರಿಯಲ್ಲಿ. ಗುಜರಿ ಕಬ್ಬಿಣವನ್ನು ಕರೆಂಟಿನ ಕುಲುಮೆಯಲ್ಲಿ ಕರಗಿಸಿ, ಮರಳಿನ ಅಚ್ಚುಗಳಿಗೆ ಎರೆದು, ಪಂಪು, ಟ್ರ್ಯಾಕ್ಟರುಗಳ ಭಾಗಗಳನ್ನು ಮಾಡುವ ಜಾಗ ಅದು. ಕರಗಿದ ಕಬ್ಬಿಣವನ್ನು ಕುಲುಮೆಯಿಂದ ಅಚ್ಚಿನವರೆಗೆ ಒಯ್ಯುವ ದೊಡ್ಡ ಉಕ್ಕಿನ ಪಾತ್ರೆಗೆ ಅಲ್ಲಿ ಲ್ಯಾಡಲ್ ಅನ್ನುತ್ತಾರೆ. ಒಳಗೋಡೆಗೆ ದಪ್ಪಗೆ ಮಣ್ಣು ಮೆತ್ತಿದ ಪಾತ್ರೆ. ಕ್ರೇನಿನಿಂದ ತೂಗುಬಿದ್ದ ಆ ಲ್ಯಾಡಲನ್ನು ಚಕ್ರ ತಿರುಗಿಸಿ ಬಗ್ಗಿಸುವುದು ಓಬಯ್ಯನ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದ. ಅಷ್ಟು ವರ್ಷದಲ್ಲಿ ಅವನಿಗೆ ಹೆದರಿಕೆ ಅನ್ನುವುದೇನೆಂದು ಗೊತ್ತಿರಲಿಲ್ಲ ಎಂದು ಜೊತೆಯವರು ಹೇಳುತ್ತಾರೆ. ಊಟದ ಡಬ್ಬಿಯನ್ನು ಕುಲುಮೆಯ ಪಕ್ಕದಲ್ಲೇ ಬಿಸಿಗಿಟ್ಟುಕೊಳ್ಳುತ್ತಿದ್ದವನು ಅವನು.

ಸಾವಿರದ ಒಂಬೈನೂರ ತೊಂಬತ್ತೆಂಟರ ಜುಲೈ. ಒಂದು ವಾರದಿಂದ ಮಳೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಚ್ಚುಗಳೆಲ್ಲ ತುಂಬಿದ ಮೇಲೆ ಲ್ಯಾಡಲಿನ ತಳದಲ್ಲಿ ಒಂದಿಷ್ಟು ಕಬ್ಬಿಣ ಉಳಿದಿತ್ತು. ಉಳಿದದ್ದನ್ನು ನೆಲದಲ್ಲಿ ತೋಡಿದ ಮರಳು ಗುಂಡಿಗೆ ಸುರಿಯುವುದು ವಾಡಿಕೆ. ಗೆಳೆಯ ಹೂವಪ್ಪ ಗುಂಡಿಯ ಮರಳನ್ನು ಸಲಿಕೆಯಿಂದ ಸಮ ಮಾಡಿ ಸುರಿ ಎಂದು ಕೈ ಬೀಸಿದ. ಮೇಲಿನ ಮರಳು ಕುಲುಮೆಯ ಕಾವಿಗೆ ಒಣಗಿ ಬೆಳ್ಳಗೆ ಕಾಣುತ್ತಿತ್ತು. ಮೇಲಿನ ಶೀಟಿನ ಬಿರುಕಿನಿಂದ ರಾತ್ರಿಯೆಲ್ಲ ತೊಟ್ಟಿಕ್ಕಿದ ನೀರು ಅಡಿಯಲ್ಲಿ ಇಳಿದು ನಿಂತದ್ದು ಇಬ್ಬರಿಗೂ ತಿಳಿಯಲಿಲ್ಲ. ಓಬಯ್ಯ ಚಕ್ರ ತಿರುಗಿಸಿದ.

ಪಟಾಕಿಯಂಥ ಸದ್ದೇನೂ ಅಲ್ಲ, ಭಾರಿ ಕಂಬಳಿಯೊಂದನ್ನು ಬಂಡೆಗೆ ಅಪ್ಪಳಿಸಿದ ಹಾಗಿತ್ತು ಎಂದು ಅವನು ಆಮೇಲೆ ಹೇಳುತ್ತಿದ್ದ. ಗುಂಡಿಗೆ ಬಿದ್ದ ಕಬ್ಬಿಣವೆಲ್ಲ ಎದ್ದು ಸೂರಿಗೆ ಬಡಿದು, ಕೆಂಪು ಮಳೆಯಾಗಿ ಕೆಳಗೆ ಸುರಿಯಿತು. ಓಬಯ್ಯ ಲ್ಯಾಡಲಿನ ಮರೆಯಲ್ಲಿದ್ದ. ತೋಳಿನ ಮೇಲೆ ನಾಲ್ಕು ಬೊಬ್ಬೆ ಎದ್ದಿತು, ಅಷ್ಟೆ. ಹೂವಪ್ಪನ ಎರಡೂ ಕಾಲು, ಮುಖದ ಅರ್ಧ ಸುಟ್ಟವು. ಎಡಗಣ್ಣು ಹೋಯಿತು.

ಐದನೆಯ ದಿನ ಓಬಯ್ಯ ಶಿವಮೊಗ್ಗದ ಆಸ್ಪತ್ರೆಗೆ ಹೋದ. ಹೂವಪ್ಪ ಬ್ಯಾಂಡೇಜಿನೊಳಗಿಂದ ಮಾತಾಡಿದ. ಓಬಯ್ಯ ಕ್ಷಮೆ ಕೇಳಬೇಕೆಂದು ಬಂದಿದ್ದ. ಹೂವಪ್ಪನೇ ಹೇಳಿದ.

"ನಿನ್ನ ತಪ್ಪಲ್ಲ ಮಾರಾಯ. ಅಡಿಯಲ್ಲಿ ನೀರಿತ್ತು. ಒಂದು ಚೊಂಬು ಇತ್ತೋ ಏನೋ. ಒಂದು ಚೊಂಬು ನೀರು ಅಷ್ಟು ಕಬ್ಬಿಣ ಎತ್ತಿ ಒಗೀತಲ್ಲ, ಹೆಂಗೆ ಅಂತ ಇಲ್ಲಿ ಮಲಗಿ ಯೋಚನೆ ಮಾಡ್ತಾನೇ ಇದೀನಿ."

ಆ ಪ್ರಶ್ನೆ ಓಬಯ್ಯನ ಜೊತೆ ಬಸ್ಸು ಹತ್ತಿತು. ಬೆಂಕಿಗೆ ನೀರು ಹಾಕಿದರೆ ಬೆಂಕಿ ಆರುತ್ತದೆ. ಹುಟ್ಟಿದಾಗಿನಿಂದ ಅವನು ಕಂಡದ್ದು ಅದು. ಬೆಂಕಿಗಿಂತ ನೀರಿಗೇ ಹೆದರಬೇಕಾದ ಜಾಗ ಒಂದಿದೆ ಎಂದಾದರೆ, ಇನ್ನು ಯಾವುದನ್ನು ನಂಬುವುದು? ಫೌಂಡ್ರಿಯಲ್ಲಿ ಕೇಳಿದ. ಆಯುಧಪೂಜೆಯ ದಿನ ಕುಂಬಳಕಾಯಿ ಸರಿಯಾಗಿ ಒಡೆದಿರಲಿಲ್ಲ ಎಂದರು ಕೆಲವರು. ಸೂಪರ್‌ವೈಸರ್ ಶಿವರಾಜ್, ಒದ್ದೆ ಇತ್ತು, ಇನ್ನು ಮುಂದೆ ನೋಡಿಕೊಂಡು ಸುರಿಯಿರಿ ಎಂದು ಹೇಳಿ ಹೋದ. ಯಾಕೆ ಹಾಗಾಯಿತೆಂದು ಯಾರೂ ಹೇಳಲಿಲ್ಲ. ಕಾರಣ ಗೊತ್ತಿಲ್ಲದ ಹೆದರಿಕೆ ಒಂದು ಕಡೆ ನಿಲ್ಲಲಿಲ್ಲ, ಹರಡಿತು. ಚಕ್ರ ಹಿಡಿದರೆ ಅಂಗೈ ಬೆವರಿ ಜಾರತೊಡಗಿತು. ಸ್ನಾನದ ಹಂಡೆಯ ಹತ್ತಿರ ಹೋಗಲು ಮನಸ್ಸಾಗದೆ ತಣ್ಣೀರು ಹುಯ್ದುಕೊಳ್ಳತೊಡಗಿದ. ಕಾಫಿ ಆರಿದ ಮೇಲೆ ಕುಡಿಯುತ್ತಿದ್ದ. ಮನೆಯಲ್ಲಿ ಏನೂ ಹೇಳಲಿಲ್ಲ.

ಒಂದು ಸಂಜೆ ಹೆಂಡತಿ ಕರಿಬಸಮ್ಮ ಒಲೆಯ ಮೇಲೆ ಅನ್ನಕ್ಕೆ ಇಟ್ಟಿದ್ದಳು. ಏಳನೆಯ ಕ್ಲಾಸಿನ ಮಗಳು ಯಶೋಧರಾ ಪಕ್ಕದಲ್ಲಿ ಕೂತು ಓದುತ್ತಿದ್ದಳು. ನೀರು ಕುದಿದು ಪಾತ್ರೆಯ ಮುಚ್ಚಳ ತಟತಟ ಅಲುಗಿತು. ಓಬಯ್ಯ ಎದ್ದವನೇ ಮಗಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದ. ಹುಡುಗಿಯ ಮೊಣಕೈ ಹೊಸ್ತಿಲಿಗೆ ತರಚಿ ರಕ್ತ ಬಂತು. ಒಳಗೆ ಮುಚ್ಚಳ ಇನ್ನೂ ಅಲುಗುತ್ತಲೇ ಇತ್ತು. ಕರಿಬಸಮ್ಮ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು. ಅವನು ಇನ್ನೂ ಮಗಳ ರಟ್ಟೆ ಬಿಟ್ಟಿರಲಿಲ್ಲ.

ಅವಳು ಬಯ್ಯಲಿಲ್ಲ. ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಗುಂಡಿಗೆ ಕಬ್ಬಿಣ ಸುರಿದದ್ದು ತನ್ನ ಕೈಯೇ ಎಂಬುದನ್ನು ಅವನು ಆಗ ಮೊದಲ ಸಲ ಮನೆಯಲ್ಲಿ ಹೇಳಿದ. ಕೇಳುತ್ತಿದ್ದ ಮಗಳು ಮೆಲ್ಲಗೆ ಬಾಯಿ ಹಾಕಿದಳು. ಮುಚ್ಚಳ ಎತ್ತುವುದು ಆವಿಯಂತೆ, ನೀರಿನ ಕಣಗಳು ಒಳಗಿನಿಂದ ತಳ್ಳುತ್ತವಂತೆ, ಅವತ್ತಿನ ಪಾಠವೇ ಅದಂತೆ. ಯಾವ ಕಣ ಎಂದು ಓಬಯ್ಯ ಕೇಳಿದ. ಎಲ್ಲ ವಸ್ತುವೂ ಕಣ್ಣಿಗೆ ಕಾಣದ ಕಣಗಳಿಂದ ಆಗಿದೆ, ಆ ಕಣಗಳು ಯಾವಾಗಲೂ ಚಲಿಸುತ್ತಿರುತ್ತವೆ, ಬಿಸಿ ಆದಷ್ಟೂ ಜೋರಾಗಿ ಚಲಿಸುತ್ತವೆ ಎಂದು ಅವಳು ಕಂಠಪಾಠ ಒಪ್ಪಿಸಿದಳು. ಅಪ್ಪ ನಂಬದ್ದನ್ನು ಕಂಡು ಎರಡು ಗಾಜಿನ ಲೋಟ ತಂದಳು. ಒಂದರಲ್ಲಿ ಕೊಡದ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು. ಎರಡೂ ಅಲುಗಾಡದೆ ನಿಂತ ಮೇಲೆ ಒಂದೊಂದು ತೊಟ್ಟು ನೀಲಿ ಇಂಕು ಬಿಟ್ಟಳು. ತಣ್ಣೀರಿನಲ್ಲಿ ಇಂಕು ದಾರದಂತೆ ಇಳಿದು ಸುಮಾರು ಹೊತ್ತು ಹಾಗೇ ನಿಂತಿತು. ಬಿಸಿನೀರು ನೋಡನೋಡುತ್ತಿದ್ದಂತೆ ಪೂರ್ತಿ ನೀಲಿಯಾಯಿತು. ಯಾರೂ ಕಲಕಿರಲಿಲ್ಲ.

ಓಬಯ್ಯ ಬಹಳ ಹೊತ್ತು ನೋಡಿದ. ಅವನಿಗೆ ಸಮಾಧಾನವಾಗುವ ಬದಲು ಇನ್ನಷ್ಟು ದಿಗಿಲಾಯಿತು.

"ಹಂಗಾದ್ರೆ ಸುಮ್ನೆ ನಿಂತಿರೋ ನೀರು ಅಂತ ಒಂದು ಇಲ್ವೇ ಇಲ್ವಾ?"

ಮಗಳಿಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ನಮ್ಮ ವಿಮಲಮ್ಮ ಮೇಡಂನ ಕೇಳು ಅಂದಳು.

ವಿಮಲಮ್ಮ ಭದ್ರಾವತಿಯ ಹೊಸಮನೆ ಬಡಾವಣೆಯಲ್ಲಿದ್ದರು. ಭಾನುವಾರ ಬೆಳಿಗ್ಗೆ ಓಬಯ್ಯ ಒಗೆದ ಅಂಗಿ ತೊಟ್ಟು ಮಗಳನ್ನು ಕರೆದುಕೊಂಡು ಹೋದ. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಮೇಷ್ಟರ ಮನೆಯ ಮೆಟ್ಟಿಲೇ ಒಂದು ಭಯ. ಮಗಳ ಓದಿನ ವಿಷಯವಿರಬೇಕು ಎಂದುಕೊಂಡ ವಿಮಲಮ್ಮ ಅವನು ಹೇಳಿದ್ದನ್ನು ಕೇಳುತ್ತ ಕೇಳುತ್ತ ಕುರ್ಚಿಯ ಅಂಚಿಗೆ ಬಂದರು. ಹನ್ನೊಂದು ವರ್ಷದಿಂದ 'ಉಷ್ಣ ಮತ್ತು ತಾಪ' ಪಾಠ ಮಾಡುತ್ತಿದ್ದರೂ ಅದರ ಪಕ್ಕದಲ್ಲಿ ನಿಂತು ದುಡಿಯುವವರೊಬ್ಬರು ತಮ್ಮನ್ನು ಪ್ರಶ್ನೆ ಕೇಳಿದ್ದು ಇದೇ ಮೊದಲು ಎಂದು ಅವರೇ ಒಪ್ಪಿಕೊಂಡರು.

ಅವರು ಅವಸರ ಮಾಡಲಿಲ್ಲ. ಗಟ್ಟಿ ವಸ್ತುವಿನಲ್ಲಿ ಕಣಗಳು ಒತ್ತೊತ್ತಾಗಿ ನಿಂತ ಜಾಗದಲ್ಲೇ ಅದುರುತ್ತಿರುತ್ತವೆ. ದ್ರವದಲ್ಲಿ ಒಂದನ್ನೊಂದು ಬಿಡದೆ ಜಾರಾಡುತ್ತವೆ. ಆವಿಯಾದಾಗ ಹಿಡಿತ ಬಿಡಿಸಿಕೊಂಡು ದಿಕ್ಕಾಪಾಲಾಗಿ ಹಾರುತ್ತವೆ. ಹಾರುವ ಕಣಗಳಿಗೆ ತುಂಬ ಜಾಗ ಬೇಕು. ಒಂದು ಲೋಟ ನೀರು ಪೂರ್ತಿ ಆವಿಯಾದರೆ ಒಂದೂವರೆ ಡ್ರಮ್ಮಿಗೂ ಹೆಚ್ಚು ಜಾಗ ಕೇಳುತ್ತದೆ. ಪಾತ್ರೆಯಲ್ಲಿ ನೀರು ಕುದಿಯುವಾಗ ಅದು ಸ್ವಲ್ಪ ಸ್ವಲ್ಪವಾಗಿ ಆಗುತ್ತದೆ, ಆವಿ ಮುಚ್ಚಳ ಎತ್ತಿ ಹೊರಗೆ ಹೋಗುತ್ತದೆ. ಕರಗಿದ ಕಬ್ಬಿಣದ ಕಣಗಳೋ, ಕುದಿಯುವ ನೀರಿನ ಕಣಗಳನ್ನೂ ಮೀರಿಸುವ ಹುಚ್ಚಾಟದಲ್ಲಿರುತ್ತವೆ. ಅವು ಅಡಿಯಲ್ಲಿದ್ದ ನೀರಿನ ಕಣಗಳನ್ನು ಗುದ್ದಿದಾಗ ಅಷ್ಟೂ ಒಂದೇ ಏಟಿಗೆ ಆವಿಯಾಗಿ ಜಾಗ ಕೇಳಿದವು. ಮೇಲೆ ಕಬ್ಬಿಣ ಕೂತಿತ್ತು. ಅದನ್ನೇ ಎತ್ತಿ ಎಸೆದವು.

ಓಬಯ್ಯ ತಲೆ ತಗ್ಗಿಸಿ ಕೇಳುತ್ತಿದ್ದ. ಆಮೇಲೆ ತನಗೆ ಹೊಳೆದ ಒಂದು ಅನುಮಾನ ಹೇಳಿದ. ಗ್ರೈಂಡಿಂಗ್ ಚಕ್ರದಿಂದ ಹಾರುವ ಕಿಡಿ ಕೈಮೇಲೆ ಬಿದ್ದರೆ ಇರುವೆ ಕಡಿದಷ್ಟೂ ನೋವಾಗುವುದಿಲ್ಲ. ಅದೂ ಕೆಂಪಗೆ ಕಾದ ಕಬ್ಬಿಣವೇ. ಅದಕ್ಕಿಂತ ಎಷ್ಟೋ ತಣ್ಣಗಿರುವ ಸ್ನಾನದ ಹಂಡೆ ಮೈಮೇಲೆ ಉರುಳಿದರೆ ಆಸ್ಪತ್ರೆಯೇ ಗತಿ. ಅದು ಹೇಗೆ?

ವಿಮಲಮ್ಮ ಸಂತೋಷದಿಂದ ನಕ್ಕರು. ಆ ಮನೆಯಲ್ಲಿ ಅವತ್ತು ಯಾರಾದರೂ ನಕ್ಕದ್ದು ಆಗ ಮಾತ್ರ.

"ಇದನ್ನೇ ನಾನು ಮಕ್ಕಳಿಗೆ ಅರ್ಥ ಮಾಡ್ಸೋಕೆ ಒದ್ದಾಡೋದು ಓಬಯ್ಯನೋರೇ. ಒಂದೊಂದು ಕಣ ಸರಾಸರಿ ಎಷ್ಟು ಜೋರಾಗಿ ಓಡಾಡ್ತಿದೆ ಅನ್ನೋದು ತಾಪ. ಬಿಸಿ ವಸ್ತುವಿಂದ ತಣ್ಣಗಿರೋದಕ್ಕೆ ದಾಟಿ ಹೋಗೋ ಶಕ್ತಿ ಉಷ್ಣ. ಕಿಡೀಲಿ ತಾಪ ಜಾಸ್ತಿ, ಆದ್ರೆ ಕಣ ಕಡಿಮೆ. ನಿಮ್ಮ ಕೈಗೆ ಕೊಡೋಕೆ ಅದರ ಹತ್ರ ಉಷ್ಣ ಅಷ್ಟಿಲ್ಲ. ಹಂಡೇಲಿ ಕಣಗಳಿಗೆ ಲೆಕ್ಕವೇ ಇಲ್ಲ."

ಹೋಗುವ ಮುಂಚೆ ಅವರು ಇನ್ನೊಂದು ವಿಷಯ ತೋರಿಸಿದರು. ಒಲೆಯ ಮೇಲೆ ಕುದಿಯುತ್ತಿದ್ದ ನೀರಿಗೆ ಶಾಲೆಯ ಥರ್ಮಾಮೀಟರ್ ಇಳಿಬಿಟ್ಟರು. ಉರಿ ಎಷ್ಟು ಹೆಚ್ಚಿಸಿದರೂ ಪಾದರಸ ನೂರರ ಹತ್ತಿರ ಬಂದು ನಿಂತಿತು, ಮೇಲೆ ಹೋಗಲಿಲ್ಲ. ಕೊಟ್ಟ ಉಷ್ಣವೆಲ್ಲ ಕಣಗಳ ಹಿಡಿತ ಬಿಡಿಸುವುದಕ್ಕೇ ಖರ್ಚಾಗುತ್ತಿದೆ, ನೀರು ಮುಗಿಯುವವರೆಗೂ ಹೀಗೇ ಎಂದರು. ತಣ್ಣನೆಯ ಸ್ಟೀಲ್ ತಟ್ಟೆಯೊಂದನ್ನು ಆವಿಗೆ ಹಿಡಿದಾಗ ಅದು ಮಂಜಾಗಿ ಹನಿ ಕಟ್ಟಿತು. ಓಡುತ್ತಿದ್ದ ಕಣಗಳು ತಟ್ಟೆಗೆ ಉಷ್ಣ ಕೊಟ್ಟು ನಿಧಾನವಾಗಿ, ಮತ್ತೆ ಒಂದನ್ನೊಂದು ಹಿಡಿದುಕೊಂಡು ನೀರಾದವು ಎಂದು ಯಶೋಧರಾ ಹೇಳಿದಳು. ಮನೆಗೆ ಬಂದು ಎಲ್ಲವನ್ನೂ ಕರಿಬಸಮ್ಮನಿಗೆ ವಿವರಿಸಿದಾಗ ಅವಳು ತನಗೆ ಗೊತ್ತಿದ್ದ ಉಷ್ಣ ಒಂದೇ, ಅದಕ್ಕೆ ಮೆಂತ್ಯ ನೆನೆಸಿ ಕುಡಿಯಬೇಕು ಎಂದಳು.

ಓಬಯ್ಯನ ಹೆದರಿಕೆ ಹೋಗಲಿಲ್ಲ. ಆದರೆ ಅದು ಅನ್ನದ ಪಾತ್ರೆಯನ್ನು, ಹಂಡೆಯನ್ನು ಬಿಟ್ಟು ಫೌಂಡ್ರಿಯೊಳಗೆ ಬಂದು ನಿಂತಿತು. ಅವನು ಮರಳು ಗುಂಡಿಯನ್ನು ಮೊಣಕೈವರೆಗೆ ಬಗೆದು ನೋಡದೆ ಸುರಿಯುತ್ತಿರಲಿಲ್ಲ. ಕುಲುಮೆಗೆ ಹಾಕುವ ಗುಜರಿಯಲ್ಲಿ ಎರಡೂ ಬಾಯಿ ಮುಚ್ಚಿದ ಪೈಪಿದ್ದರೆ ಒಳಗೆ ಮಳೆನೀರು ಇರಬಹುದೆಂದು ಎತ್ತಿಡುತ್ತಿದ್ದ. ಸೂರಿನ ಬಿರುಕಿಗೆ ತಾನೇ ಹತ್ತಿ ಡಾಂಬರು ಬಳಿದ. ಜೊತೆಯವರು ಅವನಿಗೆ 'ನೀರೋಬಯ್ಯ' ಎಂದು ಹೆಸರಿಟ್ಟರು. ಚಕ್ರ ತಿರುಗಿಸುವಾಗ ಅವನ ಬಾಯಿ ಒಣಗುವುದು ಯಾರಿಗೂ ಗೊತ್ತಿರಲಿಲ್ಲ.

ಮಾರನೆಯ ವರ್ಷದ ಆಗಸ್ಟಿನಲ್ಲಿ ದೊಡ್ಡದೊಂದು ಆರ್ಡರು ಬಂತು. ಲ್ಯಾಡಲಿನ ಒಳಮಣ್ಣು ಸವೆದಿತ್ತು. ಹಿಂದಿನ ಸಂಜೆ ಅದಕ್ಕೆ ಹೊಸ ಮಣ್ಣು ಮೆತ್ತಿ, ಒಳಗೆ ಸೌದೆ ಉರಿಸಿ ಒಣಗಿಸಲು ಬಿಟ್ಟಿದ್ದರು. ಮಳೆಗೆ ಸೌದೆ ಹಸಿಯಾಗಿ ಬೆಂಕಿ ಸರಿಯಾಗಿ ಹಿಡಿದಿರಲಿಲ್ಲ. ಬೆಳಿಗ್ಗೆ ಎರಡು ತಾಸು ಉರಿಸಿ, ಬೂದಿ ತೆಗೆದು, ಲ್ಯಾಡಲನ್ನು ಕುಲುಮೆಯ ಮುಂದೆ ತಂದರು. ಕುಲುಮೆಯಲ್ಲಿ ಕಬ್ಬಿಣ ಸಿದ್ಧವಾಗಿತ್ತು. ಎಂಟು ಜನ ಸುತ್ತ ನಿಂತಿದ್ದರು.

ಚಕ್ರಕ್ಕೆ ಕೈ ಹಾಕುವ ಮುಂಚೆ ಓಬಯ್ಯ ಲ್ಯಾಡಲಿನ ಹೊರಮೈ ನೋಡಿದ. ಒಳಗಿನ ಆವಿ ಹೋಗಲೆಂದು ಆ ಉಕ್ಕಿನ ಗೋಡೆಯಲ್ಲಿ ಸಣ್ಣ ಸಣ್ಣ ತೂತುಗಳನ್ನು ಕೊರೆದಿರುತ್ತಾರೆ. ಕೆಳಗಿನ ಒಂದು ತೂತಿನ ಸುತ್ತ ತುಕ್ಕು ಒದ್ದೆಯಾಗಿತ್ತು. ಮೂಲೆಯಲ್ಲಿದ್ದ ತಗಡಿನ ಚೂರೊಂದನ್ನು ತಂದು ತೂತಿಗೆ ಹಿಡಿದ. ತಗಡು ಮಂಜಾಯಿತು. ಒರೆಸಿ ಮತ್ತೆ ಹಿಡಿದ. ಮತ್ತೆ ಮಂಜಾಯಿತು.

ಲ್ಯಾಡಲ್ ಒಣಗಿಲ್ಲ, ಈಗ ತುಂಬಬಾರದು ಎಂದು ಅವನು ಶಿವರಾಜನಿಗೆ ಹೇಳಿದ. ಶಿವರಾಜ್ ಕೆಟ್ಟವನಲ್ಲ. ಆದರೆ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ, ಲೋಡಿಗೆ ಕಾದ ಲಾರಿ ಗೇಟಿನಲ್ಲಿತ್ತು, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿರಲಿಲ್ಲ. ಅವನು ಲ್ಯಾಡಲಿಗೆ ಬೆರಳು ತಾಗಿಸಿ ಫಕ್ಕನೆ ಹಿಂದಕ್ಕೆ ಎಳೆದುಕೊಂಡ. ಕೈ ಸುಡುವಷ್ಟು ಕಾದಿದೆ, ಇದರಲ್ಲಿ ನೀರು ಎಲ್ಲಿ ಉಳಿಯುತ್ತದೆ ಎಂದು ರೇಗಿದ.

"ಕುದಿಯೋ ನೀರೂ ಕೈ ಸುಡುತ್ತೆ ಸಾರ್," ಅಂದ ಓಬಯ್ಯ. "ಕಾದಿದೆ ಅಂದ್ರೆ ಒಣಗಿದೆ ಅಂತಲ್ಲ. ಮಣ್ಣೊಳಗೆ ನೀರಿರೋ ತನಕ ಉಷ್ಣ ಎಲ್ಲ ಅದೇ ಕುಡೀತಿರುತ್ತೆ."

ಪಾಠ ಬೇಡ ಎಂದ ಶಿವರಾಜ್. ಚಕ್ರ ಹಿಡಿ ಎಂದು ಮಲ್ಲೇಶನಿಗೆ ಹೇಳಿದ. ಮಲ್ಲೇಶ್ ಮೂವತ್ತು ದಾಟದ ಆಳು, ಕೆಲಸಕ್ಕೆ ಸೇರಿ ಆರು ತಿಂಗಳು. ಅವನು ಕೈಗವಸು ಹಾಕಿಕೊಂಡು ಮುಂದೆ ಬಂದ. ಓಬಯ್ಯ ಅವನಿಗೂ ಲ್ಯಾಡಲಿಗೂ ನಡುವೆ ಹೋಗಿ ನಿಂತ. ಕೆಲಸ ಹೋದರೆ ಮನೆಯ ಗತಿಯೇನು ಎಂಬ ಯೋಚನೆ ಒಂದು ಕಡೆ. ತನ್ನದೇ ತಪ್ಪಾಗಿ, ಇದರಲ್ಲಿ ನೀರೇ ಇಲ್ಲದಿದ್ದರೆ ಎಂಬ ಅನುಮಾನ ಇನ್ನೊಂದು ಕಡೆ. ಬೆನ್ನ ಹಿಂದೆಯೇ ಆ ಲ್ಯಾಡಲ್. ಒಂದು ವರ್ಷದಿಂದ ಯಾರಿಗೂ ಹೇಳದ ಮಾತನ್ನು ಅವನು ಎಂಟು ಜನರ ಎದುರಿಗೆ ಹೇಳಿದ.

"ನಂಗೆ ಹೆದರಿಕೆ ಆಗ್ತಿದೆ ಸಾರ್. ದಿನಾ ಆಗುತ್ತೆ. ಇವತ್ತು ಯಾಕೆ ಆಗ್ತಿದೆ ಅಂತ ನಂಗೆ ಗೊತ್ತು. ಹೂವಪ್ಪನ ಮೇಲೆ ಸುರಿದಿದ್ದು ಈ ಕೈ. ಇನ್ನೊಬ್ಬನ ಮೇಲೆ ಸುರಿಯಕ್ಕೆ ಬಿಡಲ್ಲ."

ಮಲ್ಲೇಶ್ ಕೈಗವಸು ಬಿಚ್ಚಿದ. ಕ್ರೇನಿನವನು ಕೆಳಗಿಳಿದು ಬಂದು ಗೋಡೆಗೆ ಒರಗಿ ನಿಂತ. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಸರಿದರು. ಹೂವಪ್ಪನ ಹೆಸರು ಆ ಶೆಡ್ಡಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಿದ ಮೇಲೆ ಯಾರಿಗೂ ಮುಂದೆ ಹೆಜ್ಜೆ ಬರಲಿಲ್ಲ.

ಶಿವರಾಜ್ ಗೇಟಿನಲ್ಲಿದ್ದ ಲಾರಿಯ ಕಡೆ ನೋಡಿದ. ಆಮೇಲೆ ಕುಲುಮೆಯ ಕರೆಂಟು ತಗ್ಗಿಸಿ ಕಬ್ಬಿಣವನ್ನು ಹಾಗೇ ಹಿಡಿದಿಡಲು ಹೇಳಿದ. ಲ್ಯಾಡಲನ್ನು ಪಕ್ಕಕ್ಕೆ ಸರಿಸಿ, ಒಣ ಸೌದೆ ಹುಡುಕಿ ತಂದು, ಡೀಸೆಲ್ ಬರ್ನರನ್ನೂ ಒಳಗೆ ತೂರಿಸಿ ಮತ್ತೆ ಉರಿ ಹಾಕಿದರು. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಓಬಯ್ಯ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು ತೂತುಗಳನ್ನೇ ನೋಡುತ್ತಿದ್ದ. ಏನೂ ಬರದಿದ್ದರೆ ನಾಳೆಯಿಂದ ಕೆಲಸವಿಲ್ಲ. ಆಮೇಲೆ ಕೆಳಗಿನ ತೂತು ಸುಯ್ಯೆಂದಿತು. ಅದರ ಪಕ್ಕದ್ದು, ಮೇಲಿನದ್ದು, ಹಿಂಬದಿಯದ್ದು. ಎಲ್ಲ ತೂತುಗಳಿಂದಲೂ ಬಿಳಿ ಆವಿ ಬಾಣದಂತೆ ಹೊರಟಿತು. ಉಕ್ಕಿನ ಮೈಮೇಲೆ ನೀರು ಇಳಿದು ನೆಲ ಒದ್ದೆಯಾಯಿತು. ಒಂದು ಗಂಟೆಗೂ ಮೇಲೆ ಅದು ನಿಲ್ಲಲಿಲ್ಲ.

ಶಿವರಾಜ್ ಆ ಒದ್ದೆ ನೆಲವನ್ನು ನೋಡುತ್ತ ನಿಂತ. ಅವನ ಮುಖ ಬಿಳಿಚಿಕೊಂಡಿತ್ತು. ಹೋಗಿ ಒಂದು ಮರಳಿನ ರಾಶಿಯ ಮೇಲೆ ಕೂತುಬಿಟ್ಟ.

ನಾಲ್ಕು ಗಂಟೆಗೆ ಲ್ಯಾಡಲ್ ಪೂರ್ತಿ ಒಣಗಿತು. ತಗಡು ಹಿಡಿದರೆ ಮಂಜು ಕಟ್ಟಲಿಲ್ಲ. ಉಳಿದವರನ್ನು ದೂರ ನಿಲ್ಲಿಸಿ ಓಬಯ್ಯನೇ ಚಕ್ರ ಹಿಡಿದ. ಮೊದಲ ಧಾರೆ ಲ್ಯಾಡಲಿಗೆ ಬಿದ್ದಾಗ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು, ಮುಚ್ಚಲಿಲ್ಲ. ಕಬ್ಬಿಣ ಮೆತ್ತಗೆ ತುಂಬಿತು. ಮೂವತ್ತೆರಡು ಅಚ್ಚುಗಳನ್ನೂ ಅವನೇ ತುಂಬಿದ. ಮುಗಿದ ಮೇಲೆ ಹೊರಗೆ ಹೋಗಿ ಕಾಂಪೌಂಡಿನ ಹತ್ತಿರ ವಾಂತಿ ಮಾಡಿಕೊಂಡ.

ಯಾರೂ ಹಾರ ಹಾಕಲಿಲ್ಲ. ಹೇಳಿದ ಮಾತು ಕೇಳದ್ದಕ್ಕೆ ಮೇಲಿನವರು ಅವನನ್ನು ಎರಡು ದಿನ ಮನೆಯಲ್ಲಿ ಕೂರಿಸಿದರು. ಮೂರನೆಯ ದಿನ ಶಿವರಾಜನೇ ಬೈಕಿನಲ್ಲಿ ಜನ್ನಾಪುರಕ್ಕೆ ಬಂದು ಕರೆದುಕೊಂಡು ಹೋದ. ಅವತ್ತಿನಿಂದ ಲ್ಯಾಡಲ್ ಒಣಗಿದೆ ಎಂದು ಓಬಯ್ಯ ಹೇಳದೆ ಕುಲುಮೆ ಬಗ್ಗಿಸುವಂತಿರಲಿಲ್ಲ. ಎಲ್ಲೂ ಬರೆದಿರಲಿಲ್ಲ, ಆದರೆ ಎಲ್ಲರೂ ಹಾಗೇ ನಡೆದರು. ಹೂವಪ್ಪ ಬದುಕಿದ, ಹೊಸ ಸೇತುವೆಯ ಹತ್ತಿರ ಎಲೆಅಡಿಕೆ ಅಂಗಡಿ ಇಟ್ಟ. ಓಬಯ್ಯ ಎರಡು ಸಾವಿರದ ಏಳರವರೆಗೆ ಅದೇ ಚಕ್ರ ತಿರುಗಿಸಿದ. ಆ ಶೆಡ್ಡಿನಲ್ಲಿ ಮತ್ತೆ ಯಾರ ಮೈಮೇಲೂ ಕಬ್ಬಿಣ ಸಿಡಿಯಲಿಲ್ಲ. ಯಶೋಧರಾ ಭೌತಶಾಸ್ತ್ರವನ್ನೇ ಹಿಡಿದು ಶಂಕರಘಟ್ಟದ ವಿಶ್ವವಿದ್ಯಾಲಯದ ಬಸ್ಸು ಹತ್ತಿದಳು.

ಎರಡು ಸಾವಿರದ ನಾಲ್ಕರಲ್ಲಿ ಒಮ್ಮೆ ವಿಮಲಮ್ಮ ಅವನನ್ನು ಶಾಲೆಗೆ ಕರೆಸಿದರು. ಏಳನೆಯ ಕ್ಲಾಸಿನ ನಲವತ್ತು ಮಕ್ಕಳ ಮುಂದೆ ಅವನು ಕೈಕಟ್ಟಿ ನಿಂತ. ಕಣ, ತಾಪ, ಉಷ್ಣ ಎಂದು ತಾನು ಕಂಡದ್ದನ್ನೆಲ್ಲ ತಡವರಿಸುತ್ತ ಹೇಳಿದ. ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು, ಇಷ್ಟೆಲ್ಲ ಗೊತ್ತಾದ ಮೇಲೆ ಈಗ ನಿಮಗೆ ಹೆದರಿಕೆ ಇಲ್ಲವಾ ಎಂದು ಕೇಳಿದಳು.

"ಇದೆಯಮ್ಮ," ಅಂದ ಓಬಯ್ಯ. "ನಿನ್ನೆ ಕೂಡ ಆಯ್ತು."

ಮಕ್ಕಳು ನಗಲಿಲ್ಲ. ವಿಮಲಮ್ಮ ಕಾಫಿ ತರಿಸುತ್ತೇನೆ ಎಂದರು. ಎರಡು ಗಂಟೆಯ ಪಾಳಿಗೆ ಹೊತ್ತಾಗುತ್ತದೆ ಎಂದು ಹೇಳಿ ಅವನು ಬಸ್ ಸ್ಟ್ಯಾಂಡಿನ ಕಡೆಗೆ ನಡೆದ.